ಮೂರು ಹುಲಿ, ಹದಿನೈದು ಕುರಿ, ಒಂದೇ ಸರದಿ

ಹುಲಿ ಕುರಿ ಆಟಕ್ಕೆ ಕೂತ ಮಕ್ಕಳ ಮೊದಲ ಜಗಳ ‘ಹುಲಿ ನಂದು’ ಎಂಬುದು. ಜಗಳದಲ್ಲಿ ಗೆದ್ದವರು ಹುಲಿ ಹಿಡಿಯುತ್ತಾರೆ, ಸೋತವರು ಮುಖ ಊದಿಸಿಕೊಂಡು ಕುರಿಗಳನ್ನು ಎಣಿಸಿಕೊಳ್ಳುತ್ತಾರೆ. ನಾಲ್ಕೈದು ಆಟ ಕಳೆಯುವಷ್ಟರಲ್ಲಿ ಜಗಳ ತಿರುಗುಮುರುಗಾಗುತ್ತದೆ. ಈಗ ಎಲ್ಲರಿಗೂ ಕುರಿಯೇ ಬೇಕು. ಹುಲಿಗೆ ಹಲ್ಲಿದೆ, ಹಾರುವ ಶಕ್ತಿಯಿದೆ, ಕುರಿಗೆ ಎರಡೂ ಇಲ್ಲ. ಆದರೂ ಹುಲಿ ಹಿಡಿದವರು ಮೇಲಿಂದ ಮೇಲೆ ಸೋಲುತ್ತಾರೆ. ಏಕೆಂದರೆ ಹುಲಿಗಳು ಮೂರೇ, ಎದುರಿಗೆ 15 ಕುರಿ.

ಸಂಖ್ಯೆಯಲ್ಲಿ ಕಡಿಮೆ ಇರುವ ಪಕ್ಷವನ್ನು ಆಡುವುದು ಬೇರೆಯೇ ಒಂದು ವಿದ್ಯೆ. ಚದುರಂಗದಲ್ಲಿ ಎರಡೂ ಕಡೆ 16 ಕಾಯಿ. ಚೌಕಾಬಾರ, ಪಗಡೆಗಳಲ್ಲೂ ಎಲ್ಲರಿಗೂ ಸಮಪಾಲು. ಅಸಮ ಬಲದ ಆಟಗಳಲ್ಲಿ ನಮ್ಮ ಜಗುಲಿಗಳಿಗೆ ಚೆನ್ನಾಗಿ ಪರಿಚಯವಿದ್ದದ್ದು ಈ ಹುಲಿ ಕುರಿ ಆಟ. ಕೆಲವು ಕಡೆ ಇದನ್ನು ಆಡು ಹುಲಿ ಆಟ ಎನ್ನುತ್ತಾರೆ, ಕೆಲವು ಕಡೆ ಹುಲಿಘಟ್ಟ. ತೆಲುಗರಿಗೆ ಇದು ಪುಲಿ ಮೇಕ, ತಮಿಳರಿಗೆ ಆಡು ಪುಲಿ ಆಟ್ಟಂ. ಪುಣೆಯಲ್ಲಿ ನೆಲೆಸಿರುವ ನಮ್ಮಂಥವರು ಮರಾಠಿ ನೆರೆಹೊರೆಯವರಿಗೆ ಇದನ್ನು ವಿವರಿಸುತ್ತ ಕೂರಬೇಕಿಲ್ಲ. ವಾಘ-ಬಕರಿ ಎಂದರೆ ಸಾಕು, ಹಿರಿಯರು ತಾವೇ ಸುಣ್ಣದ ಕಡ್ಡಿ ಕೇಳುತ್ತಾರೆ. ಹಂಪಿಯ ಮಂಟಪಗಳಲ್ಲಿ, ಬಂಡೆಗಳ ಮೇಲೆ ಕೆತ್ತಿದ ಆಟದ ಪಟಗಳು ಇಂದಿಗೂ ಕಾಣುತ್ತವೆ. ವಿಜಯನಗರದ ಆ ಪಟಗಳನ್ನು ಆರ್. ವಸಂತ ಅವರು ಸಮೀಕ್ಷೆ ಮಾಡಿ 2003ರಲ್ಲಿ ವಿವರವಾದ ಲೇಖನ ಪ್ರಕಟಿಸಿದ್ದಾರೆ. ಕಾವಲಿನವರು, ಯಾತ್ರಿಕರು, ವರ್ತಕರು, ಬಿಡುವಿದ್ದ ಯಾರೇ ಆಗಲಿ, ಕಲ್ಲು ಕಂಡಲ್ಲಿ ಆಟ ಕೊರೆಯುತ್ತಿದ್ದ ನಾಡು ನಮ್ಮದು.

ಪಟವನ್ನು ಮೊದಲು ಕಣ್ಣಮುಂದೆ ತಂದುಕೊಳ್ಳಿ. ಇಲ್ಲದಿದ್ದರೆ ಮುಂದಿನ ಲೆಕ್ಕ ಹಿಡಿಯುವುದಿಲ್ಲ. ಮೇಲೆ ಒಂದು ನೆತ್ತಿ. ಅಲ್ಲಿಂದ ನಾಲ್ಕು ಇಳಿಗೆರೆಗಳು ಬೆಟ್ಟದ ಮಗ್ಗುಲಿನಂತೆ ಅಗಲವಾಗುತ್ತ ಬುಡದವರೆಗೆ ಬರುತ್ತವೆ. ಅವನ್ನು ಮೂರು ಅಡ್ಡಗೆರೆಗಳು ಕತ್ತರಿಸುತ್ತವೆ. ಈ ಅಡ್ಡಗೆರೆಗಳು ಎರಡೂ ಬದಿಗೆ ಇಳಿಗೆರೆಗಳನ್ನು ದಾಟಿ ಹೊರಚಾಚಿರುತ್ತವೆ. ಹೊರಚಾಚಿದ ತುದಿಗಳನ್ನು ಎಡಕ್ಕೊಂದು, ಬಲಕ್ಕೊಂದು ನೆಟ್ಟಗೆರೆ ಎಳೆದು ಸೇರಿಸುತ್ತಾರೆ. ಬುಡದಲ್ಲಿ ನಾಲ್ಕೂ ಇಳಿಗೆರೆಗಳ ಕೊನೆಯನ್ನು ಕೂಡಿಸುವ ಒಂದು ಗೆರೆ. ಗೆರೆಗಳು ಸೇರುವ ಪ್ರತಿ ಜಾಗವೂ ಒಂದು ಮನೆ. ನೆತ್ತಿ 1, ಮೂರು ಅಡ್ಡಗೆರೆಗಳಲ್ಲಿ ತಲಾ 6ರಂತೆ 18, ಬುಡದಲ್ಲಿ 4. ಒಟ್ಟು 23 ಮನೆ.

ಹುಲಿಗಳು ಮೊದಲೇ ಪಟದ ಮೇಲಿರುತ್ತವೆ, ಸಾಮಾನ್ಯವಾಗಿ ನೆತ್ತಿಯಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಕುರಿಯವರು ಸರದಿಗೊಂದರಂತೆ ಕುರಿಯನ್ನು ಖಾಲಿ ಮನೆಗೆ ಇಳಿಸುತ್ತ ಹೋಗಬೇಕು. 15 ಕುರಿಯೂ ಇಳಿಯುವ ತನಕ ಇಟ್ಟ ಕುರಿಯನ್ನು ಕದಲಿಸುವಂತಿಲ್ಲ. ಹುಲಿ ಮಾತ್ರ ಮೊದಲ ಸರದಿಯಿಂದಲೇ ನಡೆಯಬಹುದು. ಪಕ್ಕದ ಮನೆಯಲ್ಲಿ ಕುರಿಯಿದ್ದು, ಅದೇ ಗೆರೆಯಲ್ಲಿ ನೇರಕ್ಕೆ ಅದರ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಹುಲಿಯ ಮೇಲಿಂದ ಹುಲಿ ಹಾರುವಂತಿಲ್ಲ. ಯಾವ ಹುಲಿಗೂ ನಡೆಯಲು, ಹಾರಲು ದಾರಿ ಇಲ್ಲದಂತೆ ಕಟ್ಟಿಹಾಕಿದರೆ ಕುರಿ ಗೆದ್ದಂತೆ. ಎಷ್ಟು ಕುರಿ ತಿಂದರೆ ಹುಲಿ ಗೆದ್ದಂತೆ ಎಂಬುದು ಊರಿಂದೂರಿಗೆ ಬದಲಾಗುತ್ತದೆ. ಆಟಕ್ಕೆ ಕೂರುವ ಮುಂಚೆ ಮಾತಾಡಿಕೊಳ್ಳುವುದೇ ಒಳ್ಳೆಯದು.

ಈಗ ಲೆಕ್ಕಕ್ಕೆ ಬರೋಣ. ಒಂದು ಹುಲಿಯನ್ನು ಕಟ್ಟಿಹಾಕಲು ಎಷ್ಟು ಕುರಿ ಬೇಕು? ಉತ್ತರ ಹುಲಿ ಎಲ್ಲಿ ಕೂತಿದೆ ಎಂಬುದರ ಮೇಲೆ ನಿಂತಿದೆ. ಹೊರಬದಿಯ ಮೂಲೆ ಮನೆಯಲ್ಲಿ ಕೂತ ಹುಲಿಗೆ ಎರಡೇ ದಾರಿ. ಆ ಎರಡು ಮನೆಗಳಲ್ಲಿ ಎರಡು ಕುರಿ, ಅವನ್ನು ಹಾರದಂತೆ ಹಿಂದೆ ಇನ್ನೆರಡು. ನಾಲ್ಕರಲ್ಲಿ ಹುಲಿ ಸಿಕ್ಕಿಬಿತ್ತು. ಅದೇ ಹುಲಿ ನೆತ್ತಿಯಲ್ಲಿದ್ದರೆ ಕೆಳಗೆ ನಾಲ್ಕು ದಾರಿ, ನಾಲ್ಕರ ಬೆನ್ನಿಗೂ ಒಂದೊಂದು ಕುರಿ ನಿಲ್ಲಬೇಕು. ಅಲ್ಲಿಗೆ ಎಂಟಾಯಿತು. ಹೀಗೆ 23 ಮನೆಗಳನ್ನೂ ಒಂದೊಂದಾಗಿ ಎಣಿಸಿ ನೋಡಿದರೆ, ಎಂಟು ಕುರಿ ಬೇಕಾಗುವ ಮನೆಗಳು ಇಡೀ ಪಟದಲ್ಲಿ ಮೂರೇ ಮೂರು: ನೆತ್ತಿ, ಮತ್ತು ಎರಡನೆಯ ಅಡ್ಡಗೆರೆಯ ನಟ್ಟನಡುವಿನ ಎರಡು ಮನೆಗಳು. ಉಳಿದವಕ್ಕೆಲ್ಲ ಏಳು, ಆರು, ಐದು ಅಥವಾ ನಾಲ್ಕು ಸಾಕು. ಅಂಚಿಗೆ ಹೋದಷ್ಟೂ ಹುಲಿ ಅಗ್ಗವಾಗುತ್ತದೆ.

ಇನ್ನೂ ಭಯಂಕರವಾದದ್ದು ಹುಲಿಗಳು ಒಟ್ಟಿಗೆ ಸೇರಿದಾಗ ಆಗುವ ಅನಾಹುತ. ಎಡಬದಿಯ ನೆಟ್ಟಗೆರೆಯಲ್ಲಿ ಮೂರು ಮನೆಗಳಿವೆಯಲ್ಲ, ಅಲ್ಲಿ ಮೂರೂ ಹುಲಿಗಳು ಸಾಲಾಗಿ ಕೂತವೆನ್ನಿ. ಪ್ರತಿ ಅಡ್ಡಗೆರೆಯಲ್ಲೂ ಅವುಗಳ ಎದುರಿಗೆ ಎರಡೆರಡು ಕುರಿ ನಿಂತರೆ ಆಟ ಮುಗಿಯಿತು. ಆರು ಕುರಿಗೆ ಮೂರು ಹುಲಿ ಸೆರೆ. ಅಷ್ಟರಲ್ಲಿ ನೀವು ಒಂಬತ್ತು ಕುರಿ ತಿಂದಿದ್ದರೂ ಉಳಿದ ಆರು ನಿಮ್ಮನ್ನು ಕಟ್ಟಿಹಾಕಬಲ್ಲವು. ಯಾಕೆಂದರೆ ಇಲ್ಲಿ ಒಂದು ಹುಲಿಗೆ ಇನ್ನೊಂದು ಹುಲಿಯೇ ಗೋಡೆ. ಕಡಿಮೆ ಇದ್ದೇವೆಂದು ಹೆದರಿ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ಕೂರುವುದು ಮನುಷ್ಯಸಹಜ. ಹುಲಿ ಹಿಡಿದ ಹೊಸಬರು ಮಾಡುವುದೂ ಅದನ್ನೇ. ಈ ಪಟ ಅದನ್ನು ಕ್ಷಮಿಸುವುದಿಲ್ಲ.

ಹಾಗಾದರೆ ಹುಲಿಯ ಪಕ್ಷಕ್ಕೆ ಇರುವ ಬಲವಾದರೂ ಏನು? ಹಲ್ಲು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಉತ್ತರ ಬೇರೆ. ಹುಲಿಯ ದೊಡ್ಡ ಬಲ ಸರದಿ. ಕುರಿಗಳು 15 ಇರಬಹುದು, ಆದರೆ ಕುರಿಯವರಿಗೂ ಒಂದು ಸಲಕ್ಕೆ ಒಂದೇ ನಡೆ, ಹುಲಿಯವರಿಗೂ ಒಂದೇ. ಸೈನ್ಯದಲ್ಲಿ ಐದು ಪಟ್ಟು ಅಂತರವಿದೆ, ಸಮಯದಲ್ಲಿ ಅಂತರವೇ ಇಲ್ಲ. ಮೂರು ಹುಲಿಗಳಲ್ಲಿ ಪ್ರತಿಯೊಂದಕ್ಕೂ ಸರಾಸರಿ ಮೂರು ಸರದಿಗೊಮ್ಮೆ ಚಲಿಸುವ ಅವಕಾಶ ಸಿಗುತ್ತದೆ. ಒಂದು ಕುರಿಗೆ ಅಂಥ ಅವಕಾಶ ಬರುವುದು 15 ಸರದಿಗೊಮ್ಮೆ. ದೊಡ್ಡ ಗುಂಪು ನಿಧಾನ, ಸಣ್ಣ ಗುಂಪು ಚುರುಕು ಎಂಬ ಮಾತು ಈ ಪಟದ ಮೇಲೆ ಅಕ್ಷರಶಃ ನಿಜ.

ಇದನ್ನು ಬಳಸಿಕೊಳ್ಳುವ ದಾರಿಯೂ ಒಂದೇ: ಒಂದು ನಡೆಯಲ್ಲಿ ಎರಡು ಬೆದರಿಕೆ. ಹುಲಿ ಒಂದು ಮನೆಗೆ ಬಂದು ನಿಂತಾಗ ಎರಡು ಬೇರೆ ಬೇರೆ ಕುರಿಗಳ ಹಿಂದಿನ ಮನೆಗಳು ಖಾಲಿಯಿದ್ದರೆ, ಎದುರಾಳಿ ಒಂದನ್ನು ಮಾತ್ರ ಮುಚ್ಚಬಲ್ಲರು. ಇನ್ನೊಂದು ನಿಮ್ಮದು. ಅದಕ್ಕೇ ಹುಲಿಗಳು ಒಂದರಿಂದೊಂದು ದೂರವಿದ್ದೂ ಒಂದೇ ಜಾಗವನ್ನು ನೋಡುತ್ತಿರಬೇಕು. ನಡುವಿನ ಮನೆಗಳಲ್ಲಿ ನಾಲ್ಕು ದಿಕ್ಕಿಗೆ ಕಣ್ಣಿರುತ್ತದೆ, ಎರಡು ಬೆದರಿಕೆ ಹುಟ್ಟುವುದು ಅಲ್ಲೇ. ಮೂಲೆಯಲ್ಲಿರುವ ಹುಲಿ ಬೆದರಿಸುವುದು ಹೆಚ್ಚೆಂದರೆ ಎರಡು ಗೆರೆಗಳನ್ನು, ಅವನ್ನೂ ಎದುರಾಳಿ ಬೇಗ ತುಂಬಿಸಿಬಿಡುತ್ತಾರೆ.

ಬೇಟೆಗೆ ಕಾಲವೂ ಉಂಟು. ಮೊದಲ 15 ಸರದಿಗಳಲ್ಲಿ ಕುರಿ ಕಲ್ಲಿನಂತೆ ಇಟ್ಟಲ್ಲೇ ಇರುತ್ತದೆ, ತಪ್ಪಿಸಿಕೊಳ್ಳಲಾರದು. ಹುಲಿ ತಿನ್ನಬೇಕಾದದ್ದು ಆಗಲೇ. ಆದರೆ ಜಾಣ ಎದುರಾಳಿ ಮೊದಲ ಕುರಿಗಳನ್ನು ಹಾರಲಾಗದ ಮನೆಗಳಲ್ಲೇ ಇಡುತ್ತಾರೆ. ಅಂಥ ಮನೆಗಳು ಪಟದಲ್ಲಿ ಏಳು: ನೆತ್ತಿ, ಹೊರಬದಿಯ ನಾಲ್ಕು ಮೂಲೆ, ಬುಡದ ಎರಡು ತುದಿ. ಯಾವ ಗೆರೆಯೂ ಅವುಗಳನ್ನು ನೇರವಾಗಿ ಹಾದುಹೋಗುವುದಿಲ್ಲ, ಎಲ್ಲ ಗೆರೆಗಳೂ ಅಲ್ಲಿ ಕೊನೆಗೊಳ್ಳುತ್ತವೆ. ಹಾಗಾಗಿ ಅಲ್ಲಿ ಕೂತ ಕುರಿಯನ್ನು ಯಾವ ಹುಲಿಯೂ ಮುಟ್ಟಲಾರದು. ಈ ಏಳರಲ್ಲಿ ಹುಲಿ ಬಿಟ್ಟುಕೊಡಬಾರದ ಮನೆ ನೆತ್ತಿಯೊಂದೇ. ಅದನ್ನು ಹಿಡಿದಿರುವಷ್ಟು ಕಾಲ ಎದುರಾಳಿಗೆ ಒಂದು ಸುರಕ್ಷಿತ ಮನೆ ಕಡಿಮೆ, ನಿಮಗೆ ನಾಲ್ಕು ಇಳಿಗೆರೆಗಳ ಬಾಗಿಲು ತೆರೆದಿದ್ದಂತೆ.

ಒಂದು ಕುರಿಯನ್ನೂ ಕಳೆದುಕೊಳ್ಳದೆ ಎದುರಾಳಿ 15ನ್ನೂ ಇಳಿಸಿಬಿಟ್ಟರೆ ಪಟದಲ್ಲಿ ಉಳಿಯುವುದು ಐದೇ ಖಾಲಿ ಮನೆ. ಒಂದೊಂದು ಕುರಿ ತಿಂದಾಗಲೂ ಖಾಲಿ ಮನೆ ಒಂದು ಹೆಚ್ಚುತ್ತದೆ. ನನ್ನ ದೃಷ್ಟಿಯಲ್ಲಿ ಹುಲಿಗೆ ಸಿಗುವ ನಿಜವಾದ ಆಹಾರ ಆ ಖಾಲಿ ಮನೆ. ಕುರಿಯವರು ಇದನ್ನು ಬಲ್ಲವರಾದರೆ ಬೇಕೆಂದೇ ಒಂದು ಕುರಿಯನ್ನು ಬಲಿಕೊಟ್ಟು ಹುಲಿಯನ್ನು ಅಂಚಿಗೆ ಎಳೆಯುತ್ತಾರೆ. ಹಾರಿ ತಿಂದ ಹುಲಿ ಮೂಲೆಯಲ್ಲಿ ಇಳಿಯುತ್ತದೆ, ಮರುಸರದಿಯಲ್ಲಿ ಬಾಗಿಲು ಮುಚ್ಚುತ್ತದೆ. ಆದ್ದರಿಂದ ಹಾರುವ ಮುನ್ನ ನೋಡಬೇಕಾದದ್ದು ಕುರಿಯನ್ನಲ್ಲ, ಇಳಿಯುವ ಮನೆಯನ್ನು. ಅಲ್ಲಿಂದ ಹೊರಬರುವ ದಾರಿ ಎರಡಾದರೂ ಇರದಿದ್ದರೆ ಆ ಕುರಿಯನ್ನು ಬಿಟ್ಟುಬಿಡಿ. ಹಸಿದ ಹುಲಿಗೆ ಇದನ್ನು ಕಲಿಸುವುದೇ ಈ ಆಟದಲ್ಲಿ ಅತ್ಯಂತ ಕಷ್ಟದ ಪಾಠ.

ಬಲಾಬಲ ನಿಜವಾಗಿ ಸಮವೇ ಎಂಬ ಪ್ರಶ್ನೆಯನ್ನು ಕಂಪ್ಯೂಟರ್ ವಿಜ್ಞಾನಿಗಳೂ ಕೇಳಿಕೊಂಡರು. ಅವರು ಹಿಡಿದದ್ದು ನೇಪಾಳದ ಬಾಘ್ ಚಾಲ್ ಎಂಬ ಆಟ. ಅಲ್ಲಿ 25 ಮನೆ, 4 ಹುಲಿ, 20 ಕುರಿ, ಐದು ಕುರಿ ತಿಂದರೆ ಹುಲಿಗೆ ಗೆಲುವು. ಯೂ ಜಿನ್ ಲಿಮ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ಈ ಆಟವನ್ನು ಬಿಡಿಸಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಅದು ಸಮಬಲದಲ್ಲಿ ಮುಗಿಯುತ್ತದೆ ಎಂದು ತೋರಿಸಿದ್ದಾರೆ. ಕುರಿ ಕಾಯುವವರು, ಹೊಲದ ಬದಿಯಲ್ಲಿ ಕೂತವರು ಪೀಳಿಗೆಗಳ ಕಾಲ ಆಡಿ ಆಡಿ ತಿದ್ದಿದ ಆಟವೊಂದು ಇಷ್ಟು ನಿಖರವಾಗಿ ತೂಗುತ್ತದೆ ಎಂಬುದು ನನಗೆ ಅಪಾರ ಹೆಮ್ಮೆಯ ಸಂಗತಿ.

ಇಂಥ ಆಟ ನಮ್ಮಲ್ಲಷ್ಟೇ ಇಲ್ಲ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1732ರಲ್ಲಿ ಲ್ಯಾಪ್‌ಲ್ಯಾಂಡ್ ಪ್ರವಾಸದಲ್ಲಿ ತಬ್ಲುತ್ ಎಂಬ ಆಟವನ್ನು ನೋಡಿ ದಿನಚರಿಯಲ್ಲಿ ಬರೆದಿಟ್ಟ. ಅಲ್ಲಿ ನಡುವೆ ರಾಜ, ಅವನ ಸುತ್ತ ಎಂಟು ಕಾವಲುಗಾರರು, ಹೊರಗೆ 16 ದಾಳಿಕೋರರು. ರಾಜ ಮುತ್ತಿಗೆ ಒಡೆದು ಅಂಚು ಮುಟ್ಟಿದರೆ ಗೆದ್ದ. ನಮ್ಮ ಹುಲಿಗೆ ಅಂಚು ಬಲೆ, ಅಲ್ಲಿಯ ರಾಜನಿಗೆ ಅಂಚೇ ಬಿಡುಗಡೆ. ಎರಡರಲ್ಲೂ ಸಣ್ಣ ಪಕ್ಷ ಬದುಕುವುದು ಚಲನೆಯಿಂದಲೇ.

ಇಷ್ಟು ಹೇಳಿದ ಮೇಲೆ ಪುಣೆಯಲ್ಲಿ ಕೂತು ಮಹಾಭಾರತವನ್ನು ನೆನೆಯದೆ ಇರಲಾಗದು. ಆ ಗ್ರಂಥದ ಪರಿಷ್ಕೃತ ಆವೃತ್ತಿ ಸಿದ್ಧವಾದದ್ದು ಇಲ್ಲಿನ ಭಂಡಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ. 1919ರಲ್ಲಿ ಶುರುವಾದ ಕೆಲಸ 1966ರಲ್ಲಿ ಮುಗಿಯಿತು. ಭೀಷ್ಮಪರ್ವವನ್ನು ಸಂಪಾದಿಸಿದವರು ಎಸ್.ಕೆ. ಬೆಲ್ವಲ್ಕರ್. ಆ ಪರ್ವದಲ್ಲಿ ಯುದ್ಧಕ್ಕೆ ನಿಂತಾಗ ಕೌರವರದು 11 ಅಕ್ಷೋಹಿಣಿ ಸೈನ್ಯ, ಪಾಂಡವರದು 7. ಎದುರಿನ ಸೈನ್ಯವನ್ನು ಕಂಡು ಯುಧಿಷ್ಠಿರ ಅರ್ಜುನನಿಗೆ ಬೃಹಸ್ಪತಿಯ ಮತವನ್ನು ನೆನಪಿಸುತ್ತಾನೆ: ಕಡಿಮೆ ಇದ್ದವರು ಒತ್ತಾಗಿ ನಿಂತು ಕಾದಬೇಕು, ಹೆಚ್ಚಿದ್ದವರು ಬೇಕಾದಂತೆ ಹರಡಿಕೊಳ್ಳಬಹುದು, ಅಲ್ಪರು ಬಹುಜನರನ್ನು ಎದುರಿಸುವಾಗ ಸೂಜಿಯ ಮೊನೆಯಂಥ ವ್ಯೂಹ ಬೇಕು. ಅರ್ಜುನ ಅದಕ್ಕೆ ಇಂದ್ರನು ರಚಿಸಿದ ವಜ್ರವ್ಯೂಹವನ್ನು ಆರಿಸಿ, ಭೀಮನನ್ನು ಮುಂದಿಡುತ್ತಾನೆ.

ಒತ್ತಾಗಿ ನಿಲ್ಲಿ ಎನ್ನುವ ಬೃಹಸ್ಪತಿಗೂ ಒಟ್ಟಿಗೆ ಕೂರಬೇಡಿ ಎನ್ನುವ ನಮ್ಮ ಪಟಕ್ಕೂ ವಿರೋಧವಿದೆಯೆಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಸೂಜಿಯನ್ನು ಸರಿಯಾಗಿ ನೋಡಿದರೆ ವಿರೋಧ ಕರಗುತ್ತದೆ. ಸೂಜಿಯ ಬಲ ಅದು ಚುಚ್ಚುವ ಜಾಗದಲ್ಲಿದೆ. ಇಡೀ ರಣರಂಗದಲ್ಲಿ ಏಳಕ್ಕೆ ಹನ್ನೊಂದಿರಬಹುದು, ಮೊನೆ ತಾಗಿದ ಜಾಗದಲ್ಲಿ ಮಾತ್ರ ನಮ್ಮವರು ಹೆಚ್ಚಿರಬೇಕು. ಹುಲಿಗಳು ಬೇರೆ ಬೇರೆ ಗೆರೆಗಳಿಂದ ಬಂದು ಒಂದೇ ದುರ್ಬಲ ಜಾಗದ ಮೇಲೆ ಎರಡು ಬೆದರಿಕೆ ಹಾಕುವುದೂ ಸೂಜಿಯ ಕೆಲಸವೇ. ಕೂಡಬೇಕಾದದ್ದು ಹೊಡೆತ, ಕೂತ ಜಾಗವಲ್ಲ.

ನಿಜವಾದ ಯುದ್ಧಕ್ಕೂ ಪಟಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಯುದ್ಧದಲ್ಲಿ ಸರದಿ ಇಲ್ಲ. 15 ಮಂದಿ ಒಟ್ಟಿಗೇ ನಡೆಯಬಲ್ಲರು. ಪಟ ತನ್ನ ನಿಯಮದಿಂದ ಹುಲಿಗೆ ಕೊಟ್ಟ ಸಮಾನ ಸಮಯವನ್ನು ಯುದ್ಧದಲ್ಲಿ ಸಣ್ಣ ಪಕ್ಷ ಹೇಗೋ ಕಸಿದುಕೊಳ್ಳಬೇಕು. ಪುಣೆಯ ಸುತ್ತಿನ ಇತಿಹಾಸದಲ್ಲಿ ಇದಕ್ಕೆ ಒಂದರ ಪಕ್ಕ ಒಂದು ಉದಾಹರಣೆಗಳಿವೆ. 1660ರಲ್ಲಿ ಔರಂಗಜೇಬನ ಸುಬೇದಾರ ಶಾಯಿಸ್ತಾ ಖಾನ್ ಭಾರಿ ಸೈನ್ಯದೊಂದಿಗೆ ಪುಣೆಗೆ ಬಂದ. ಚಾಕಣದ ನೆಲಕೋಟೆಯಲ್ಲಿ ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಕೆಲವೇ ನೂರು ಜನರೊಂದಿಗೆ ಜೂನ್‌ನಿಂದ ಆಗಸ್ಟ್‌ವರೆಗೆ, ಸುಮಾರು ಎರಡು ತಿಂಗಳು, ಅವನನ್ನು ತಡೆದ. ಕೊನೆಗೆ ಮೊಘಲರು ಸುರಂಗ ತೋಡಿ ಬುರುಜು ಸಿಡಿಸಿದರು, ಕೋಟೆ ಬಿತ್ತು. ಆ ಶೌರ್ಯಕ್ಕೆ ತಲೆಬಾಗುತ್ತೇನೆ. ಆದರೂ ಆಟದ ಕಣ್ಣಿಂದ ನೋಡಿದರೆ ಅದು ಮೂಲೆಗೆ ಸಿಕ್ಕ ಹುಲಿ: ಎಷ್ಟು ಕಾಲ ಎಂಬುದಷ್ಟೇ ಪ್ರಶ್ನೆ.

ಅದೇ ಮಳೆಗಾಲದಲ್ಲಿ ಶಿವಾಜಿ ಪನ್ಹಾಳದಲ್ಲಿ ಬಿಜಾಪುರದ ಸಿದ್ದಿ ಜೌಹರನ ಮುತ್ತಿಗೆಗೆ ಸಿಕ್ಕಿದ್ದ. ಅವನು ಅಲ್ಲಿ ಕೂತು ಕಾಯಲಿಲ್ಲ. ಜುಲೈನ ಮಳೆ ರಾತ್ರಿಯಲ್ಲಿ ಹೊರಬಿದ್ದು ವಿಶಾಳಗಡ ಸೇರಿದ, ಕಣಿವೆಯಲ್ಲಿ ಅವನ ಸರದಾರ ಬಾಜಿ ಪ್ರಭು ಬೆನ್ನಟ್ಟಿದವರನ್ನು ತಡೆದು ಪ್ರಾಣ ಕೊಟ್ಟ. ಆಮೇಲೆ ಶಿವಾಜಿ ಪನ್ಹಾಳವನ್ನೇ ಬಿಜಾಪುರಕ್ಕೆ ಬಿಟ್ಟುಕೊಟ್ಟ. ಎರಡು ಕಡೆಯಿಂದ ಬಂದ ಒತ್ತಡದಲ್ಲಿ ಒಂದನ್ನು ಕಳಚಿಕೊಂಡ ಆ ನಿರ್ಧಾರವನ್ನು ನಾನು ಅವನ ದೊಡ್ಡ ಗೆಲುವುಗಳ ಸಾಲಿಗೆ ಸೇರಿಸುತ್ತೇನೆ.

ಆಮೇಲೆ 1663ರ ಏಪ್ರಿಲ್ 5ರ ರಾತ್ರಿ. ಶಾಯಿಸ್ತಾ ಖಾನ್ ತಂಗಿದ್ದದ್ದು ಪುಣೆಯ ಲಾಲ್ ಮಹಲಿನಲ್ಲಿ, ಶಿವಾಜಿ ಬಾಲ್ಯ ಕಳೆದ ಮನೆಯಲ್ಲೇ. ಸುತ್ತ ಸಾವಿರಾರು ಸೈನಿಕರು, ಎಲ್ಲ ರಮಜಾನಿನ ಊಟ ಮುಗಿಸಿ ಮಲಗಿದವರು. ಶಿವಾಜಿ ಸಣ್ಣ ಗುಂಪಿನೊಂದಿಗೆ ಊರೊಳಗೆ ನುಸುಳಿ, ಮಹಲಿಗೆ ನುಗ್ಗಿದ. ಖಾನ ಬೆರಳು ಕಳೆದುಕೊಂಡ, ಅವನ ಮಗ ಸತ್ತ. ಸೈನ್ಯ ಎಚ್ಚೆತ್ತು ಕೂಡಿಕೊಳ್ಳುವ ಹೊತ್ತಿಗೆ ಬಂದವರು ಊರಾಚೆ ಸೇರಿದ್ದರು. ಔರಂಗಜೇಬ ಖಾನನನ್ನು ಬಂಗಾಳಕ್ಕೆ ವರ್ಗ ಮಾಡಿದ. ಮಲಗಿದ ಸೈನ್ಯಕ್ಕೆ ಸರದಿ ಇಲ್ಲ. ಆ ಒಂದು ರಾತ್ರಿ ಎಲ್ಲ ಸರದಿಗಳೂ ಶಿವಾಜಿಯವು. ಮರಾಠಿಯಲ್ಲಿ ಗನಿಮಿ ಕಾವಾ ಎಂದು ಕರೆಯುವ ಯುದ್ಧರೀತಿಯ ತಿರುಳು ಇದೇ ಎಂದು ನನ್ನ ತಿಳಿವಳಿಕೆ.

ಕಡಿಮೆಯವರ ಗೆಲುವು ಯಾವಾಗಲೂ ನಮ್ಮವರದೇ ಆಗಿರುವುದಿಲ್ಲ ಎಂಬುದನ್ನೂ ಪುಣೆ ಕಂಡಿದೆ. 1817ರ ನವೆಂಬರ್ 5ರಂದು ಖಡಕಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸುಮಾರು ಮೂರು ಸಾವಿರ ಜನ, ತಮಗಿಂತ ಹಲವು ಪಟ್ಟು ದೊಡ್ಡದಾದ ಪೇಶ್ವೆಯ ಸೈನ್ಯವನ್ನು ಎದುರಿಸಿದರು. ಅವರು ಶಿಬಿರದಲ್ಲಿ ಕಾದು ಕೂರದೆ ತಾವೇ ಮುಂದೆ ನಡೆದರು. ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ಕುದುರೆ ಪಡೆ ನಡುವಿನ ಜೌಗು ನೆಲದಲ್ಲಿ ಮುಗ್ಗರಿಸಿತು. ಪೇಶ್ವೆ ಎರಡನೆಯ ಬಾಜಿರಾಯ ಪರ್ವತಿ ಗುಡ್ಡದ ಮೇಲಿಂದ ಎಲ್ಲವನ್ನೂ ನೋಡಿದ. ಹನ್ನೆರಡು ದಿನಗಳಲ್ಲಿ ಪುಣೆ ಕಂಪನಿಯ ಕೈಸೇರಿತು. ದೊಡ್ಡ ಸೈನ್ಯವಿದ್ದವರಿಗೂ ಈ ಆಟದಲ್ಲಿ ಕಲಿಯುವುದಿದೆ: ಸಾಲು ಕಟ್ಟದೆ ನುಗ್ಗಿದ ಕುರಿ ಹುಲಿಗೇ ದಾರಿ ಮಾಡಿಕೊಡುತ್ತದೆ.

ಇಷ್ಟೆಲ್ಲ ಅರಿವು ತುಂಬಿದ ಆಟ ಈಗ ಉಳಿದಿರುವುದು ಹೆಚ್ಚಾಗಿ ಅಜ್ಜ ಅಜ್ಜಿಯರ ನೆನಪಿನಲ್ಲಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಕುಶಲಕರ್ಮಿಗಳಿಂದ ಇಂಥ ಪಟಗಳನ್ನು ಮಾಡಿಸಿ ಜನರ ಕೈಗೆ ಕೊಟ್ಟಿದೆ. ಅದು ಬೆಲೆ ಕಟ್ಟಲಾಗದ ಕೆಲಸ. ಪುಣೆಯಲ್ಲೂ ಆಗಬೇಕು. ಇಲ್ಲಿನ ಕನ್ನಡ ಸಂಘದಂಥ ಸಂಸ್ಥೆಗಳು ರಾಜ್ಯೋತ್ಸವದ ದಿನ ಹಾಡು ಭಾಷಣಗಳ ಜೊತೆ ನೆಲದ ಮೇಲೆ ನಾಲ್ಕು ಪಟ ಬರೆಸಿ, ಮಕ್ಕಳನ್ನೂ ಹಿರಿಯರನ್ನೂ ಎದುರುಬದುರು ಕೂರಿಸಲಿ ಎಂದು ಕೇಳಿಕೊಳ್ಳುತ್ತೇನೆ. ಪಕ್ಕದ ಮರಾಠಿ ಮಕ್ಕಳನ್ನೂ ಕರೆಯಿರಿ, ಆಟ ಅವರದೂ ಹೌದು.

ಖರ್ಚು ಏನೂ ಇಲ್ಲ. ಒಂದು ಸುಣ್ಣದ ಕಡ್ಡಿ, ಮೂರು ದೊಡ್ಡ ಕಲ್ಲು, 15 ಹುಣಸೆಬೀಜ. ಹುಲಿಯ ಪಕ್ಷ ಹಿಡಿದು ಹತ್ತು ಆಟವಾದರೂ ಆಡಿ. ಪ್ರತಿ ಆಟದಲ್ಲೂ ಮೊದಲ 15 ಸರದಿಗಳೊಳಗೆ ಎಷ್ಟು ಕುರಿ ತಿಂದಿರಿ, ಕೊನೆಯಲ್ಲಿ ನಿಮ್ಮ ಹುಲಿಗಳು ಯಾವ ಮನೆಗಳಲ್ಲಿ ಸಿಕ್ಕಿಬಿದ್ದವು ಎಂಬುದನ್ನು ಬರೆದಿಟ್ಟುಕೊಳ್ಳಿ. ಸಿಕ್ಕಿಬಿದ್ದ ಮನೆಗಳು ಬಹುಪಾಲು ಅಂಚಿನವೇ ಆಗಿರುತ್ತವೆ.